ಕಂಬ ಹಿಡಿದ ಕೈಗಳು

ಕೊರೊನಾ ಮುಗಿದ ಮೇಲಿನ ಎರಡನೆಯ ಬೇಸಿಗೆ. ನಾನಾಗ ಕುಷ್ಟಗಿ ತಾಲ್ಲೂಕಿನಲ್ಲಿ ವಿದ್ಯುತ್ ಸರಬರಾಜಿನ ಶಾಖಾಧಿಕಾರಿಯಾಗಿದ್ದೆ. ಶಾಖಾಧಿಕಾರಿ ಎಂದರೆ ಒಂದಿಷ್ಟು ಹಳ್ಳಿಗಳ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್‌ಗಳಿಗೆ ಉತ್ತರ ಹೇಳಬೇಕಾದವಳು. ಕರೆಂಟು ಇದ್ದಾಗ ಯಾರಿಗೂ ನೆನಪಾಗದವಳು, ಹೋದಾಗ ಎಲ್ಲರಿಗೂ ನೆನಪಾಗುವವಳು. ಬೇಸಿಗೆ ಬಂತೆಂದರೆ ನಮ್ಮ ಕಚೇರಿಯಲ್ಲಿ ಮದುವೆಗಳಿಗೆ ತಾತ್ಕಾಲಿಕ ಸಂಪರ್ಕ ಕೇಳುವವರದ್ದೇ ಸಾಲು. ಆ ಸಾಲಿನಲ್ಲಿ ತಪ್ಪದೆ ಕಾಣಿಸುತ್ತಿದ್ದವರು ಪೆಂಡಾಲ್ ಮರ್ದಾನಸಾಬರು.

ಗಟ್ಟಿ ದನಿಯ, ಎತ್ತರದ ಮನುಷ್ಯ. ಹುಡುಗನಾಗಿದ್ದಾಗ ಗಂಗಾವತಿಯಲ್ಲಿ ಸೋದರಮಾವನ ಕೈಕೆಳಗೆ ಬಿದಿರು ಗಳ ಹೊತ್ತು, ತೆಂಗಿನ ನಾರಿನ ಹಗ್ಗದಲ್ಲಿ ಗಂಟು ಹಾಕುವುದನ್ನು ಕಲಿತವರು. ಅಕ್ಕಿ ಗಿರಣಿ ಮಾಲೀಕರ ಮನೆ ಮದುವೆಗಳಿಗೆ ಹಂದರ ಹಾಕಿ, ಹಂದರದ ಹೊರಗೆ ನಿಂತು ಊಟ ಮಾಡಿ ಬೆಳೆದವರು. ಆಮೇಲೆ ಒಂದು ಹೊಲಿಗೆ ಯಂತ್ರ ಕೊಂಡು ತಮ್ಮದೇ ಶಾಮಿಯಾನ ಹೊಲಿದರು. ಬಿದಿರು ಹೋಗಿ ಕಬ್ಬಿಣದ ಪೈಪು ಬಂತು, ಬಟ್ಟೆ ಹೋಗಿ ತಗಡು ಬಂತು. ನಾನು ಕಂಡಾಗ ಅವರಿಗೆ ಕುಷ್ಟಗಿಯಲ್ಲಿ ಸ್ವಂತ ಗೋದಾಮು, ಲಾರಿಗಳು, ಜನರೇಟರು ಎಲ್ಲ ಇದ್ದವು. ಮಾಲೀಕರಾದರೂ ಕೊನೆಯ ಗಂಟನ್ನು ತಾವೇ ಎಳೆದು ನೋಡುತ್ತಿದ್ದರು. ಸೊಂಟದಲ್ಲಿ ಹಗ್ಗ ಕೊಯ್ಯುವ ಸಣ್ಣ ಚೂರಿ ಯಾವಾಗಲೂ ಇರುತ್ತಿತ್ತು.

ಅವರದೊಂದು ನೇಮ ಸುತ್ತಲಿನ ಊರುಗಳಿಗೆಲ್ಲ ಗೊತ್ತಿತ್ತು. ಯಾರ ಮನೆಯಲ್ಲಿ ಸಾವಾದರೂ ಅವರ ಹುಡುಗರು ಹೋಗಿ ಅಂಗಳದಲ್ಲಿ ನೆರಳು ಹಾಕಿ ಬರುತ್ತಿದ್ದರು. ಯಾವ ಜಾತಿ, ಯಾವ ಓಣಿ ಎಂದು ಕೇಳುತ್ತಿರಲಿಲ್ಲ. ಬಾಡಿಗೆಯ ಮಾತೇ ಇಲ್ಲ. ಆ ಮನೆಯಲ್ಲಿ ಚಹಾ ಕೂಡ ಕುಡಿಯುತ್ತಿರಲಿಲ್ಲ. ಕೊರೊನಾದ ಆ ಎರಡು ವರ್ಷ ಅವರ ಲಾರಿಗಳು ಅದೊಂದೇ ಕೆಲಸ ಮಾಡಿದವು. ಒಮ್ಮೆ ಈ ಬಗ್ಗೆ ಕೇಳಿದ್ದಕ್ಕೆ ಅವರು ಹೇಳಿದ್ದಿಷ್ಟೆ: "ಮದುವಿ ಮನ್ಯಾಗ ಮಂದಿ ನನ್ನ ಹುಡುಕ್ಕೊಂಡ ಬರ್ತಾರ ಮೇಡಂ. ಸತ್ತ ಮನ್ಯಾಗ ನಾವ ಹುಡುಕ್ಕೊಂಡ ಹೋಗಬೇಕು."

ಪ್ರತಿ ಬೇಸಿಗೆಗೂ ಅವರು ಗೆಳೆಯರನ್ನು ಸೇರಿಸಿಕೊಂಡು ಒಂದು ಸಾಮೂಹಿಕ ವಿವಾಹ ಮಾಡಿಸುತ್ತಿದ್ದರು. ಆ ವರ್ಷದ್ದು ಕುಷ್ಟಗಿಗೂ ಯಲಬುರ್ಗಾಕ್ಕೂ ನಡುವಿನ ಒಂದು ಊರಿನ ಶಾಲೆಯ ಮೈದಾನದಲ್ಲಿ. ಊರಿನ ಹೆಸರು ಬರೆಯುವುದಿಲ್ಲ; ಅಂದು ಹಸೆಮಣೆಯ ಮೇಲಿದ್ದವರು ಈಗ ಮಕ್ಕಳೊಂದಿಗೆ ಸಂಸಾರ ಮಾಡಿಕೊಂಡಿದ್ದಾರೆ. "ಸಾಮೂಹಿಕ ಅಂದ್ರ ಗತಿಯಿಲ್ಲದೋರ ಮದುವಿ" ಎಂದು ಜನ ಆಡಿಕೊಳ್ಳುವುದು ಮರ್ದಾನಸಾಬರಿಗೆ ಬಹಳ ಚುಚ್ಚುತ್ತಿತ್ತು. ಅದಕ್ಕೇ ಆ ಸಲ ತಮ್ಮ ಮಗಳು ಮುಬೀನಾಳ ಮದುವೆಯನ್ನೂ ಅದೇ ವೇದಿಕೆಯಲ್ಲಿ ಇಟ್ಟುಕೊಂಡಿದ್ದರು.

ಕಾರ್ಡು ಕೊಡಲು ಬಂದವರು ನನ್ನ ಮೇಜಿನ ಮುಂದೆ ನಿಂತು, "ಮೇಡಂ, ಬರಬೇಕ್ರಿ ಮತ್ತ. ನಿಮ್ಮ ಕರೆಂಟು ಬರ್ಲಿಲ್ಲಂದ್ರೂ ನೀವು ಬರ್ರಿ, ಜನರೇಟರ್ ಐತಿ," ಎಂದು ನಕ್ಕರು.

ಎರಡು ದಿನ ಮೊದಲು ನಾನು ಸ್ಥಳ ಪರಿಶೀಲನೆಗೆ ಹೋದೆ. ಮೈದಾನದ ಪಶ್ಚಿಮದ ಅಂಚಿನಲ್ಲಿ ಹನ್ನೊಂದು ಕೆವಿ ಲೈನ್ ಹೋಗಿತ್ತು. ಮನೆಗೆ ಬರುವ ಕರೆಂಟಲ್ಲ ಅದು. ಟ್ರಾನ್ಸ್‌ಫಾರ್ಮರ್‌ಗೆ ಹೋಗುವ, ಹನ್ನೊಂದು ಸಾವಿರ ವೋಲ್ಟಿನ ಬರಿ ತಂತಿ. ಪೈಪು, ತಗಡು ತಗುಲಿದರೆ ಸಾಕು, ಅದಕ್ಕೆ ಕೂಡಿಕೊಂಡಿರುವ ಪ್ರತಿ ಕಂಬಕ್ಕೂ ಕರೆಂಟು ಇಳಿಯುತ್ತದೆ. ನಾನು ಪೆಂಡಾಲನ್ನು ನಿಯಮ ಹೇಳುವುದಕ್ಕಿಂತ ಇನ್ನಷ್ಟು ಪೂರ್ವಕ್ಕೆ ಸರಿಸಲು ಹೇಳಿದೆ. ಮರ್ದಾನಸಾಬರು ಮರುಮಾತಿಲ್ಲದೆ ಸರಿಸಿದರು. ಆದರೆ ಅಳತೆಯೆಲ್ಲ ನಿಂತ ಪೆಂಡಾಲಿನದು. ಬೀಳುವ ಪೆಂಡಾಲಿಗೆ ಎಷ್ಟು ದೂರ ಬೇಕೆಂದು ಯಾವ ನಿಯಮದಲ್ಲೂ ಇರಲಿಲ್ಲ.

"ಈ ದಿನದಾಗ ಗಾಳಿ ಬರೂದು ಮೂಡಲ ದಿಕ್ಕಿನಿಂದ," ಎಂದರು ಅವರು. "ಬಂದ್ರ ಪೆಂಡಾಲು ನಿಮ್ಮ ತಂತಿ ಕಡೆ ವಾಲ್ತದ. ಅದಕ್ಕ ಮೂಡಲ ಕಡೆ ಹಗ್ಗ, ಗೂಟ ಎಲ್ಲಾ ಡಬಲ್ ಮಾಡೇನಿ. ಆ ಕಡೆ ಗೂಟ ನನ್ನ ಜವಾಬ್ದಾರಿ."

ಆ ಫೀಡರ್ ಮೇಲೆಯೇ, ಅಂದರೆ ಅದೇ ಲೈನಿನ ಮೇಲೆ, ಸರ್ಕಾರಿ ಆಸ್ಪತ್ರೆಯೂ ಹಲವು ಊರುಗಳ ಕುಡಿಯುವ ನೀರೂ ಇದ್ದುದರಿಂದ ಇಡೀ ದಿನ ಲೈನ್ ಬಂದ್ ಇಡುವಂತಿರಲಿಲ್ಲ. ನಮ್ಮ ಲೈನ್‌ಮನ್ ಯಮನೂರಪ್ಪನನ್ನು ಮದುವೆ ಮುಗಿಯುವವರೆಗೂ ಅಲ್ಲೇ ಇರಲು ಹೇಳಿದೆ.

ಮದುವೆಯ ದಿನ ಬೆಳಗ್ಗೆ ನಾನು ಮೈದಾನ ತಲುಪಿದಾಗ ಪೆಂಡಾಲಿನ ಈಶಾನ್ಯ ಮೂಲೆಯಲ್ಲಿ ಸಣ್ಣ ಮಾತುಕತೆ ನಡೆದಿತ್ತು. ನಮ್ಮ ಕಡೆಯ ಮದುವೆಗಳಲ್ಲಿ ಹಾಲಗಂಬ ನೆಡುವ ಪದ್ಧತಿಯಿದೆ. ಹಾಲು ಸುರಿಯುವ ಮರದ, ಸಾಮಾನ್ಯವಾಗಿ ಅತ್ತಿಯ, ಹಸಿ ಕೊಂಬೆಯೊಂದನ್ನು ತಂದು ಅರಿಸಿನ ಹಚ್ಚಿ, ಪೂಜೆ ಮಾಡಿ ಹಂದರದ ಮೂಲೆಯಲ್ಲಿ ನಿಲ್ಲಿಸುತ್ತಾರೆ. ಅದು ನಿಂತ ಮೇಲೆ ಮದುವೆ ಮುಗಿಯುವ ತನಕ ಯಾರೂ ಅಲ್ಲಾಡಿಸುವುದಿಲ್ಲ. ವಧುವೊಬ್ಬಳ ಅಜ್ಜ ಶರಣಪ್ಪಜ್ಜ ಮತ್ತು ಅವರ ಬಳಗದವರು ನಸುಕಿನಲ್ಲೇ ಬಂದು ಹಾಲಗಂಬ ನೆಟ್ಟಿದ್ದರು. ಕುಣಿ ತೋಡಲು ಅಡ್ಡವಾಯಿತೆಂದು ಅಲ್ಲಿದ್ದ ಕಬ್ಬಿಣದ ಗೂಟ ಕಿತ್ತು, ಅದರ ಹಗ್ಗವನ್ನು ಹಾಲಗಂಬಕ್ಕೇ ಭದ್ರವಾಗಿ ಕಟ್ಟಿದ್ದರು. ಅವರ ಪ್ರಕಾರ ಇದಕ್ಕಿಂತ ಗಟ್ಟಿಯಾದ ಕಂಬ ಇನ್ನೊಂದಿರಲಿಲ್ಲ.

ಮರ್ದಾನಸಾಬರು ಅದರ ಮುಂದೆ ಕೈಕಟ್ಟಿ ನಿಂತಿದ್ದರು.

"ಅಜ್ಜಾ, ಇದು ಪೂಜಿ ಕಂಬ. ಇದರ ಮ್ಯಾಲ ಭಾರ ಯಾಕ ಹಾಕ್ತೀರಿ? ಹಗ್ಗ ಬಿಚ್ಚಿ ಬ್ಯಾರೆ ಗೂಟ ಹೊಡೀತೀನಿ."

"ಏ ಮರ್ದಾನಾ, ಕಟ್ಟಿ ಪೂಜಿ ಆಗೇತಿ. ಇನ್ನ ಬಿಚ್ಚಬಾರ್ದು. ಎಲ್ಲಾ ಹೆಣ್ಮಕ್ಳ ಸಂಸಾರ ಇದರ ಮ್ಯಾಲ ನಿಂತೈತಿ, ನಿನ್ನ ತಗಡು ನಿಲ್ಲಂಗಿಲ್ಲೇನು?"

ಸುತ್ತಲಿದ್ದವರು ನಕ್ಕರು. ಮರ್ದಾನಸಾಬರೂ ನಕ್ಕರು. ಪಕ್ಕದಲ್ಲಿ ಇನ್ನೊಂದು ಗೂಟ ಹೊಡೆಸಿ ಒಂದು ಹೆಚ್ಚುವರಿ ಹಗ್ಗ ಕಟ್ಟಿಸಿದರು. ಆದರೆ ಆ ಜಾಗದಲ್ಲಿ ಹಿಂದೆ ನೀರಿನ ಪೈಪು ಹೂಳಿದ್ದರಿಂದ ಮಣ್ಣು ಸಡಿಲವಿತ್ತು. ಮೊದಲ ಗೂಟಕ್ಕೆ ಅವರು ಹುಡುಕಿ ಆರಿಸಿದ್ದ ಗಟ್ಟಿ ನೆಲದಲ್ಲಿ ಈಗ ಹಾಲಗಂಬ ನಿಂತಿತ್ತು, ಅದೂ ಕುಣಿ ತೋಡಿ ಸಡಿಲ ಮಣ್ಣು ತುಂಬಿದ್ದು. ಅವರು ಹೋಗುವಾಗ ಎರಡು ಸಲ ತಿರುಗಿ ಆ ಮೂಲೆಯನ್ನು ನೋಡಿದ್ದು ನನಗೆ ನೆನಪಿದೆ.

ಮುಬೀನಾಳ ನಿಕಾಹ್ ಬೆಳಗ್ಗೆಯೇ ಮುಗಿದು, ಖಾರೀಕು, ಅಂದರೆ ಒಣ ಖರ್ಜೂರ, ಹಂಚಿಯಾಗಿತ್ತು. ಅವಳು ಉಳಿದ ವಧುಗಳ ಸಾಲಿನಲ್ಲೇ ವೇದಿಕೆಯ ಮೇಲೆ ಕುಳಿತಿದ್ದಳು. ಉಳಿದವರ ತಾಳಿ ಕಟ್ಟುವ ಹೊತ್ತು ಭಾಷಣಗಳಿಂದಾಗಿ ಮುಂದೆ ಮುಂದೆ ಹೋಗುತ್ತಿತ್ತು. ಮೈಕಿನ ಮುಂದೆ ಬಂದವರೆಲ್ಲ "ಎರಡೇ ಮಾತು" ಎಂದು ಶುರು ಮಾಡುತ್ತಿದ್ದರು. ಪೆಂಡಾಲು ತುಂಬಿ ತುಳುಕುತ್ತಿತ್ತು. ಸೆಕೆಗೆ ಹೆಂಗಸರು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಎಲ್ಲರ ಮುಷ್ಟಿಯಲ್ಲೂ, ತಾಳಿ ಕಟ್ಟುವಾಗ ಬಾಜಾ ಮೊಳಗಿದೊಡನೆ ಹಾಕುವ ಅಕ್ಕಿಕಾಳು ಬೆವರಿಗೆ ಅಂಟಿಕೊಂಡಿತ್ತು. ನಮ್ಮಲ್ಲಿ ಮದುವೆಗೆ ಬಂದವರು ಊಟ ಬಿಟ್ಟು ಹೋದಾರು, ಅಕ್ಕಿಕಾಳು ಹಾಕದೆ ಹೋಗುವುದಿಲ್ಲ.

ಮಧ್ಯಾಹ್ನ ಮೂಡಣದ ಆಕಾಶ ಮಣ್ಣಿನ ಬಣ್ಣಕ್ಕೆ ತಿರುಗಿತು. ಮೊದಲು ಧೂಳು ಬಂತು, ಅದರ ಹಿಂದೆಯೇ ಗಾಳಿ. ತಗಡುಗಳು ಒಮ್ಮೆಲೇ ಅಬ್ಬರಿಸಿದವು. ಮರ್ದಾನಸಾಬರು ಓಡಿಹೋಗಿ ಮೀಟರ್ ಹಲಗೆಯ ಮೇನ್ ಇಳಿಸಿದರು, ಅದು ಸರಿಯಾದ ಕೆಲಸವೇ. ದೀಪ, ಫ್ಯಾನು, ಮೈಕು ಎಲ್ಲ ನಿಂತವು. ನಾನು ಹೊರಗೆ ಬಂದು ಈಶಾನ್ಯ ಮೂಲೆಯನ್ನು ನೋಡಿದೆ. ಹೆಚ್ಚುವರಿ ಗೂಟ ಆಗಲೇ ಕಿತ್ತುಬಂದು ಹಗ್ಗದ ತುದಿಯಲ್ಲಿ ಗಾಳಿಗೆ ಹೊಡೆದಾಡುತ್ತಿತ್ತು. ಹಾಲಗಂಬ ಬಾಗಿತ್ತು. ಅದನ್ನು ಶರಣಪ್ಪಜ್ಜ ಎರಡೂ ತೋಳುಗಳಿಂದ ತಬ್ಬಿಕೊಂಡಿದ್ದರು. ಇಡೀ ಪೆಂಡಾಲು ಪಶ್ಚಿಮಕ್ಕೆ, ತಂತಿಯ ಕಡೆಗೆ, ಒಂದೊಂದು ಹೊಡೆತಕ್ಕೂ ಇಷ್ಟಿಷ್ಟೇ ವಾಲುತ್ತಿತ್ತು.

ಸಬ್‌ಸ್ಟೇಷನ್‌ಗೆ ಫೋನು ಹಚ್ಚಿದೆ. ಅಲ್ಲಿಂದ ಫೀಡರ್ ಟ್ರಿಪ್ ಮಾಡಿದರೆ, ಅಂದರೆ ಆ ಲೈನಿನ ಕರೆಂಟು ಕಡಿದರೆ, ಭಯವಿಲ್ಲ. ಎಂಗೇಜ್. ಮತ್ತೆ ಹಚ್ಚಿದೆ. ಎಂಗೇಜ್. ಬಿರುಗಾಳಿ ಎದ್ದಾಗ ಸುತ್ತಲಿನ ಎಲ್ಲ ಊರಿನವರೂ ಅಲ್ಲಿಗೇ ಫೋನು ಮಾಡುತ್ತಾರೆ. ಯಮನೂರಪ್ಪನನ್ನು ಕೂಗಿ ರಸ್ತೆಯಂಚಿನ ಸ್ವಿಚ್‌ನ ಕಡೆಗೆ ಓಡಿಸಿದೆ. ಕಂಬದ ಹಿಡಿಕೆ ಎಳೆದು ಮೂರೂ ತಂತಿಯ ಕರೆಂಟನ್ನು ಒಮ್ಮೆಗೇ ಕಡಿಯುವ ಸ್ವಿಚ್ ಅದು. ಬೈಕಿನಲ್ಲಿ ಹೋದರೂ ಮೈದಾನ ಸುತ್ತಿ ಹೋಗಬೇಕಿತ್ತು.

ತಿರುಗಿ ನೋಡಿದಾಗ ಕಂಡದ್ದು ಇಂದಿಗೂ ನನ್ನ ಕಣ್ಣ ಮುಂದಿದೆ.

ಪೆಂಡಾಲಿನ ಪ್ರತಿ ಕಬ್ಬಿಣದ ಕಂಬಕ್ಕೂ ಗಂಡಸರು ಜೋತುಬಿದ್ದಿದ್ದರು. ಮೂರು ಮೂರು, ನಾಲ್ಕು ನಾಲ್ಕು ಜನ ಕಾಲು ಊರಿ, ಹಲ್ಲು ಕಚ್ಚಿ, ಕಂಬ ಅಪ್ಪಿಕೊಂಡಿದ್ದರು. ಹಂದರ ಗಾಳಿಗೆ ಎದ್ದರೆ ಓಡಿಹೋಗಿ ಗಳ ಹಿಡಿಯಬೇಕು. ಇದು ಈ ಊರುಗಳಲ್ಲಿ ಯಾರೂ ಕಲಿಸದೆ ಬಂದ ಬುದ್ಧಿ. ಬಿದಿರಿನ ಕಾಲದಲ್ಲಿ ಅದು ಎಷ್ಟೋ ಮದುವೆಗಳನ್ನು ಉಳಿಸಿತ್ತು.

"ಕಂಬ ಬಿಡ್ರಿ! ಕರೆಂಟು! ಕಂಬ ಬಿಡ್ರಿ!" ಎಂದು ಕಿರುಚಿದೆ. ತಗಡಿನ ಅಬ್ಬರದಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಹತ್ತಿರವಿದ್ದ ಒಬ್ಬ ಯುವಕ ಬೆವರೊರೆಸಿಕೊಳ್ಳುತ್ತ ನಕ್ಕ. "ಲೈಟೆಲ್ಲಾ ಹೋಗ್ಯಾವಲ್ರಿ ಮೇಡಂ, ಎಲ್ಲೈತಿ ಕರೆಂಟು?"

ದೀಪ ಆರಿದರೆ ಕರೆಂಟಿಲ್ಲ ಎಂದು ಅವನು ತಿಳಿದಿದ್ದ. ಮೇಲಿನ ತಂತಿ ಬೇರೆ, ಅದು ಇನ್ನೂ ಜೀವಂತವಿದೆ ಎಂದು ಆ ಗಾಳಿಯಲ್ಲಿ ಅವನಿಗೆ ಹೇಗೆ ವಿವರಿಸಲಿ?

ಮರ್ದಾನಸಾಬರು ನನ್ನ ಮುಖ ನೋಡಿದರು, ತಲೆ ಎತ್ತಿ ತಂತಿ ನೋಡಿದರು. ಅವರು ಕಂಬದಿಂದ ಕಂಬಕ್ಕೆ ಓಡಿದರು. "ಬಿಡ್ರೋ! ಬಿಡ್ರಿ ಕಂಬ! ಹೋದ್ರ ಹೋಗ್ಲಿ!"

"ನೀ ಹೆದರಬ್ಯಾಡ ಚಾಚಾ, ನಾವದೀವಿ!" ಎಂದ ಒಬ್ಬ.

"ನಮ್ಮಪ್ಪ ಸತ್ತಾಗ ನೆರಳ ಹಾಕಿದಾಂವ ನೀನು, ನಿನ್ನ ಪೆಂಡಾಲ್ ಬೀಳಾಕ ಬಿಡ್ತೀವೇನು?" ಎಂದ ಇನ್ನೊಬ್ಬ, ಇನ್ನೂ ಬಿಗಿಯಾಗಿ ಹಿಡಿಯುತ್ತ.

ಅವರು ಬೇಡವೆಂದಷ್ಟೂ ಜನ ಅದನ್ನು ಸಂಕೋಚವೆಂದುಕೊಂಡರು. ಬೇರೆ ಯಾರದ್ದೋ ಪೆಂಡಾಲಾಗಿದ್ದರೆ ಅರ್ಧ ಜನ ಆಗಲೇ ಕೈಬಿಟ್ಟಿರುತ್ತಿದ್ದರು. ಆ ಮನುಷ್ಯ ಇಪ್ಪತ್ತು ವರ್ಷ ಗಳಿಸಿದ ಪ್ರೀತಿಯೇ ಅವರನ್ನು ಕಂಬಕ್ಕೆ ಕಟ್ಟಿಹಾಕಿತ್ತು.

ಮರ್ದಾನಸಾಬರು ಕೂಗುವುದನ್ನು ಬಿಟ್ಟರು. ಆಮೇಲೆ ಕಂಬಗಳ ಕಡೆ ಬೆನ್ನು ಹಾಕಿ ವೇದಿಕೆಗೆ ಓಡಿದರು. ನಾನೂ ಹಿಂದೆ ಓಡಿದೆ. ವೇದಿಕೆಯ ಬದಿಯಲ್ಲಿ ಬಾಜಾದವರು ತಮ್ಮ ವಾದ್ಯಗಳಿಗೆ ಧೂಳು ಬೀಳದಂತೆ ಮುಚ್ಚಿಕೊಂಡು ಕುಳಿತಿದ್ದರು.

"ಅಕ್ಕಿಕಾಳಿನ ಬಾಜಾ ಹೊಡೀರಿ! ಹೊಡಕೋಂತ ಮೂಡಲ ಬಯಲಿಗೆ ನಡೀರಿ! ನಿಲ್ಲಸಬ್ಯಾಡ್ರಿ!" ಎಂದು ಅವರನ್ನು ಎಬ್ಬಿಸಿ ದಬ್ಬಿದರು. ಆಮೇಲೆ ಮಗಳ ಕಡೆ ತಿರುಗಿ, "ಮುಬೀನಾ, ಬಾಜು ಇದ್ದಾಕಿ ಕೈ ಹಿಡಿ. ಎಲ್ಲಾರ್ನೂ ಕರ್ಕೊಂಡು ಬಾಜಾದವರ ಹಿಂದ ನಡಿ. ಹಿಂದ ನೋಡಬ್ಯಾಡ," ಎಂದರು.

ಆ ಹುಡುಗಿ ಕೂಡಲೇ ಎದ್ದಳು. ಪಕ್ಕದ ವಧುವಿನ ಕೈ ಹಿಡಿದಳು, ಅವಳು ಇನ್ನೊಬ್ಬಳ ಕೈ. ಬಾಸಿಂಗ ಒಂದು ಕೈಯಲ್ಲಿ ಒತ್ತಿಹಿಡಿದುಕೊಂಡು ವಧೂವರರ ಸಾಲು ವೇದಿಕೆಯಿಂದ ಇಳಿದು ಗಾಳಿಗೆ ಎದುರಾಗಿ ಬಯಲಿಗೆ ನಡೆಯಿತು. ಡೊಳ್ಳು, ಸನಾದಿಗಳ ಸದ್ದು ತಗಡಿನ ಸದ್ದನ್ನೂ ಸೀಳಿ ಎದ್ದಿತು.

ನನ್ನ ಕಿರುಚಾಟ ಮಾಡದ್ದನ್ನು ಆ ಬಾಜಾ ಮಾಡಿತು. ಮೊದಲು ಹೆಂಗಸರು ಎದ್ದರು. "ಅಯ್ಯ, ಅಕ್ಕಿಕಾಳು ಬಿದ್ವು! ನಡೀರಿ ನಡೀರಿ!" ಎಂದು ಮಕ್ಕಳನ್ನು ಎತ್ತಿಕೊಂಡು ಬಾಜಾದ ಹಿಂದೆ ಹೊರಟರು. ಕಂಬ ಹಿಡಿದವರಲ್ಲಿ ಒಬ್ಬ ಜೇಬು ಮುಟ್ಟಿ ನೋಡಿಕೊಂಡ, ಅಕ್ಕಿಕಾಳು ಅಲ್ಲಿತ್ತು. ಮಗಳ ತಾಳಿ ಕಟ್ಟುವ ಹೊತ್ತಿಗೆ ತಂದೆ ಕಂಬ ಹಿಡಿದು ನಿಲ್ಲುತ್ತಾನೆಯೇ? ತಂಗಿಗೆ ಅಕ್ಕಿಕಾಳು ಹಾಕದ ಅಣ್ಣ ಇದ್ದಾನೆಯೇ? ಒಬ್ಬೊಬ್ಬರಾಗಿ, ಆಮೇಲೆ ಒಟ್ಟೊಟ್ಟಿಗೆ, ಕೈಗಳು ಕಂಬ ಬಿಟ್ಟವು. ನಾನು ಕಂಬದಿಂದ ಕಂಬಕ್ಕೆ ಓಡುತ್ತ, ತಡ ಮಾಡುತ್ತಿದ್ದವರ ಬೆನ್ನಿಗೆ ಕೈಯಿಟ್ಟು ನೂಕುತ್ತಿದ್ದೆ. ಇನ್ನೊಂದು ಕೈಯಲ್ಲಿ ಫೋನು. ಇನ್ನೂ ಎಂಗೇಜ್.

ಉಳಿದವರು ಶರಣಪ್ಪಜ್ಜ ಒಬ್ಬರೇ. ಹಾಲಗಂಬ ಬೀಳಬಾರದು, ಬಿದ್ದರೆ ಮದುಮಕ್ಕಳಿಗೆ ಕೇಡು. ಆ ಹಸಿ ಕಟ್ಟಿಗೆಗೆ ಬಿಗಿದ ಹಗ್ಗದ ಇನ್ನೊಂದು ತುದಿಯಲ್ಲಿ ಇಡೀ ತಗಡಿನ ಪೆಂಡಾಲು ಜಗ್ಗುತ್ತಿತ್ತು. ಅಜ್ಜನ ಬೆನ್ನು ಒಂದು ಕಬ್ಬಿಣದ ಕಂಬಕ್ಕೆ ಒರಗಿತ್ತು.

"ಅಜ್ಜಾ, ಬಾ!"

"ನಾ ಬರೂದಿಲ್ಲೋ ಮರ್ದಾನಾ. ಇದು ಬಿದ್ರ ನನ್ನ ಮೊಮ್ಮಗಳ ಬಾಳೇನಾತು?"

"ಬೀಳಾಕ ಯಾರು ಬಿಡ್ತಾರ? ಹಾಲಗಂಬ ನಾವ ಹೊತ್ಕೊಂಡ ಹೋಗೂಣು. ಮದುಮಕ್ಳು ಎಲ್ಲದಾರೋ ಇದೂ ಅಲ್ಲೇ ಇರ್ಬೇಕಲ್ಲ?"

ಅಜ್ಜ ಅವರ ಮುಖ ನೋಡಿದರು. ಮರ್ದಾನಸಾಬರು ಸೊಂಟದ ಚೂರಿ ತೆಗೆದು ಹಗ್ಗಕ್ಕೆ ಇಟ್ಟರು. ತಮ್ಮ ಪೆಂಡಾಲಿನ ಹಗ್ಗ ತಾವೇ ಕೊಯ್ದರು. ಇಬ್ಬರೂ ಹಾಲಗಂಬವನ್ನು ಕಿತ್ತು ಹೆಗಲ ಮೇಲಿಟ್ಟುಕೊಂಡು, ಬಗ್ಗಿ, ಗಾಳಿಗೆ ಎದುರಾಗಿ ಓಡಿದರು. ನಾನು ಅಜ್ಜನ ರಟ್ಟೆ ಹಿಡಿದಿದ್ದೆ.

ಕೆಲವೇ ಹೆಜ್ಜೆ. ಹಿಂದಿನಿಂದ ತಗಡು ಹರಿಯುವ ಸದ್ದು, ಅದರ ಮೇಲೆ ಒಂದು ಸ್ಫೋಟ. ತಿರುಗಿದಾಗ ಪೆಂಡಾಲು ತಂತಿಯ ಮೇಲೆ ಒರಗಿತ್ತು. ನೀಲಿ ಬಿಳಿ ಬೆಳಕೊಂದು ಆ ತುದಿಯಿಂದ ಈ ತುದಿಗೆ ಹರಿದು, ಕಂಬಗಳ ಬುಡದಲ್ಲಿ ಮಣ್ಣು ಹಾರಿತು. ಸ್ವಲ್ಪ ಮುಂಚೆ ಮೂರು ಮೂರು, ನಾಲ್ಕು ನಾಲ್ಕು ಜನ ಅಪ್ಪಿಕೊಂಡಿದ್ದ ಕಂಬಗಳವು. ಆ ಹೊಡೆತಕ್ಕೆ ಫೀಡರ್ ತಾನಾಗಿಯೇ ಟ್ರಿಪ್ ಆಯಿತು. ಯಮನೂರಪ್ಪ ಆಮೇಲೆ ಹೇಳಿದ: "ಹಿಡಿಕಿಗೆ ಕೈ ಹಾಕಿದ್ದೆ ಅಷ್ಟ ರೀ ಮೇಡಂ, ಢಮ್ ಅಂತು."

ಬಯಲಿನಲ್ಲಿ ಬಾಜಾ ಇನ್ನೂ ನಡೆದೇ ಇತ್ತು. ನಿಲ್ಲಿಸಬೇಡಿ ಎಂದಿದ್ದನ್ನು ಅವರು ಅಕ್ಷರಶಃ ಪಾಲಿಸುತ್ತಿದ್ದರು. ಜನ ಮಾತ್ರ ಕಲ್ಲಾಗಿದ್ದರು. ಎಲ್ಲರೂ ಹಿಂದಕ್ಕೆ ನೋಡುತ್ತಿದ್ದರು. ನನ್ನನ್ನು ನೋಡಿ ನಕ್ಕಿದ್ದ ಯುವಕ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಶರಣಪ್ಪಜ್ಜ ಬರಿಗೈಯಲ್ಲೇ ಮಣ್ಣು ಕೆದರಿ ಹಾಲಗಂಬ ನಿಲ್ಲಿಸಿ, ಸುತ್ತ ಕಲ್ಲು ಒಟ್ಟಿದರು. ಮಳೆಯ ದಪ್ಪ ಹನಿಗಳು ಬೀಳತೊಡಗಿದ್ದವು. ಶಾಲೆಯ ಕೊಠಡಿಗಳಿಗೆ ಓಡುವ ಮೊದಲು, ಆ ಹನಿಗಳಲ್ಲೇ, ತಾಳಿ ಕಟ್ಟಿದ್ದಾಯಿತು. ಅಕ್ಕಿಕಾಳು ಬಿದ್ದವು. ಎಸೆದ ಅಕ್ಕಿಯನ್ನು ಗಾಳಿ ಹೊತ್ತು ಎಸೆದವರ ಮೇಲೆಯೇ ಹಾಕಿತು.

ಮರ್ದಾನಸಾಬರು ಶಾಲೆಯ ಜಗಲಿಯಲ್ಲಿ ಕುಸಿದು ಕುಳಿತಿದ್ದರು. "ಬೆಳಿಗ್ಗೆ ನಾ ಆ ಹಗ್ಗ ಬಿಚ್ಚಬೇಕಾಗಿತ್ತು," ಎಂದರು, ಯಾರಿಗೂ ಅಲ್ಲದ ಹಾಗೆ. "ಸಾಬ ಹಾಲಗಂಬ ಮುಟ್ಟಿದ ಅಂದಾರು ಅಂತ ಅಂಜಿದೆ."

ಶರಣಪ್ಪಜ್ಜ ಅವರ ಪಕ್ಕದಲ್ಲೇ ಗೋಡೆಗೆ ಒರಗಿದ್ದರು. ಅಂಗೈಗೆ ಅಂಟಿದ್ದ ಮಣ್ಣನ್ನು ಧೋತರಕ್ಕೆ ಒರೆಸಿಕೊಂಡರು. ಆಮೇಲೆ, "ಕಡೀಕ ನೀನ ಹೊತ್ಕೊಂಡ ಬಂದಿ ನೋಡು," ಎಂದರು.

ಅಷ್ಟರಲ್ಲಿ ಕಂಬ ಹಿಡಿದಿದ್ದ ನಾಲ್ಕಾರು ಜನ ತಲೆ ತಗ್ಗಿಸಿಕೊಂಡು ಬಂದರು. "ಚಾಚಾ, ನಿನ್ನ ಪೆಂಡಾಲ್ ಉಳಸ್ಬೇಕಂತ ಹಿಡಿದಿದ್ವಿ..."

ಮರ್ದಾನಸಾಬರಿಗೆ ಆಗ ಸಿಟ್ಟು ಬಂತು, ದನಿಯೂ ಬಂತು. "ಉಳಸ್ತಿದ್ರಿ! ಆಮ್ಯಾಲ ನಿಮ್ಮ ಒಬ್ಬೊಬ್ಬರ ಮನಿ ಮುಂದ ನಾ ಪೆಂಡಾಲ್ ಹಾಕ್ಕೋಂತ ತಿರುಗಬೇಕಾಗಿತ್ತು. ಅವಕ್ಕ ಬಾಡಿಗೀನೂ ಇಲ್ಲ!"

ಮೊದಲು ಯಾರೂ ನಗಲಿಲ್ಲ. ಆಮೇಲೆ ಒಬ್ಬ ನಕ್ಕ, ಎಲ್ಲರೂ ನಕ್ಕರು, ನಗುತ್ತಲೇ ಒಬ್ಬ ಅತ್ತ. ನಾನೂ ಅದೇ ಜಗಲಿಯಲ್ಲಿ ಕುಳಿತೆ. ಮುಬೀನಾ ಒಂದು ಲೋಟ ನೀರು ತಂದುಕೊಟ್ಟಳು.

ಈಗ ನಾನು ಕೊಪ್ಪಳದಲ್ಲಿದ್ದೇನೆ. ತಾತ್ಕಾಲಿಕ ಸಂಪರ್ಕ ಕೇಳಿ ಬಂದವರಿಗೆ ನಿಯಮದಲ್ಲಿರುವುದನ್ನೆಲ್ಲ ಹೇಳಿದ ಮೇಲೆ ನಿಯಮದಲ್ಲಿಲ್ಲದ ಒಂದು ಪ್ರಶ್ನೆ ಕೇಳುತ್ತೇನೆ: ಗಾಳಿ ಬಂದರೆ ಕಂಬ ಯಾರು ಹಿಡಿಯುತ್ತಾರೆ? ಕೆಲವರು ಉತ್ಸಾಹದಿಂದ, "ಊರ ಮಂದಿ ಎಲ್ಲಾ ಹಿಡೀತಾರ್ರಿ," ಎನ್ನುತ್ತಾರೆ. ಅಂಥವರನ್ನು ಕೂರಿಸಿ ಈ ಕಥೆ ಹೇಳುತ್ತೇನೆ. ಮರ್ದಾನಸಾಬರ ಪೆಂಡಾಲುಗಳಲ್ಲಿ ಈಗ ಮಂತ್ರಕ್ಕೂ ಭಾಷಣಕ್ಕೂ ಮುಂಚೆ ಮೈಕಿನಲ್ಲಿ ಅವರದೇ ದನಿ ಕೇಳುತ್ತದೆ: "ಗಾಳಿ ಬಂದ್ರ ಕಂಬ ಹಿಡೀಬ್ಯಾಡ್ರಿ, ಬಯಲಿಗೆ ನಡೀರಿ. ಪೆಂಡಾಲ್ ನಾ ಇನ್ನೊಂದು ತರ್ತೀನಿ."

ಆ ಮಧ್ಯಾಹ್ನ ನನ್ನನ್ನು ಇನ್ನೂ ಬಿಟ್ಟಿಲ್ಲ. ತಗಡು ಸದ್ದು ಮಾಡಿದರೆ ಸಾಕು, ಕಂಬಕ್ಕೆ ಜೋತ ಕೈಗಳು ಕಾಣುತ್ತವೆ. ಬಹಳ ದಿನ ನಾನು ಅದನ್ನು ಅಜ್ಞಾನವೆಂದುಕೊಂಡಿದ್ದೆ. ತಿಳಿವಳಿಕೆ ಕೊಟ್ಟರೆ ಹೋಗುವಂಥದ್ದು, ಕರಪತ್ರ ಹಂಚಿದರೆ ಮುಗಿಯುವಂಥದ್ದು ಎಂದುಕೊಂಡಿದ್ದೆ.

ಕಳೆದ ವರ್ಷ ನನ್ನ ತಂದೆ ತೀರಿಕೊಂಡರು. ನಾನು ಯಾರಿಗೂ ಹೇಳಿ ಕಳಿಸಿರಲಿಲ್ಲ, ಆದರೂ ಮಧ್ಯಾಹ್ನದ ಹೊತ್ತಿಗೆ ಕುಷ್ಟಗಿಯಿಂದ ಲಾರಿ ಬಂದು ನಿಂತಿತ್ತು. ಹುಡುಗರು ಅಂಗಳದಲ್ಲಿ ನೆರಳು ಹಾಕಿದರು. ಮರ್ದಾನಸಾಬರು ಗೇಟಿನ ಬಳಿ ನಿಂತಿದ್ದರು. ಸಂಜೆಯ ಮುಂದೆ ಸಣ್ಣ ಗಾಳಿ ಎದ್ದಿತು. ಆ ನೆರಳಿನ ಕೆಳಗೆ ಅಪ್ಪನನ್ನು ಮಲಗಿಸಿದ್ದರು, ಮೇಲೆ ತಗಡು ಒಮ್ಮೆ ಕದಲಿತು.

ಹಿಂದಿನಿಂದ ಯಾರೋ ಮೆಲ್ಲಗೆ ಕರೆದರು. "ಮೇಡಂ."

ಮರ್ದಾನಸಾಬರು. ಅವರು ನನ್ನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು.

"ಕೈ ತಗೀರಿ."

ಆಗ ನೋಡಿಕೊಂಡೆ. ಅಪ್ಪನ ಪಕ್ಕದಿಂದ ಯಾವಾಗ ಎದ್ದು ಹೋಗಿದ್ದೆನೋ ಗೊತ್ತಿಲ್ಲ. ನನ್ನ ಎರಡೂ ಕೈಗಳು ಕಬ್ಬಿಣದ ಕಂಬವನ್ನು ಬಿಗಿಯಾಗಿ ಹಿಡಿದಿದ್ದವು.